ಪಂಡಿತೆ ರಮಾಬಾಯಿಯವರ ಜೀವಚರಿತ್ರೆ

ಸಹ್ಯಾದ್ರಿ ಪರ್ವತಗಳೊಳಗೆ ಗಂಗಾಮೂಲವೆಂಬ ಒಂದು ಸ್ಥಳವುಂಟು. ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ನದಿಗಳು ಅಲ್ಲಿ ಹುಟ್ಟಿ, ಎರಡು ಮೂಡಲಿಗೂ ಒಂದು ಪಡುವಲಿಗೂ ಹರಿದು ಹೋಗುತ್ತವೆ. ನಮ್ಮ ಕನ್ನಡ ನಾಡಿಗೆ ಸೇರಿದ ಆ ಅರಣ್ಯದಲ್ಲಿಯೇ ೧೮೫೮ನೆಯ ಇಸವಿ ಏಪ್ರಿಲ್ ತಿಂಗಳ ೨೩ನೆಯ ತಾರೀಖಿನಲ್ಲಿ ಒಂದು ಹೆಣ್ಣುಮಗುವು ಹುಟ್ಟಿತು. ಆ ಮಗುವೇ ಮುಂದೆ ಪಂಡಿತೆ ರಮಾಬಾಯಿಯೆಂದು ಹೆಸರುಗೊಂಡು, ಒಬ್ಬ ಮಗಳನ್ನು ಹೆತ್ತು, ಎರಡು ಸಾವಿರ ಮಂದಿ ಅನಾಥರಿಗೆ ತಾಯಿಯಾಗಿ, ಗ್ರಂಥಗಳನ್ನು ಬರೆದು, ಸತ್ಯವೇದವನ್ನೆಲ್ಲಾ ಒಂದು ಭಾಷೆಗೆ ತಿರುಗಿಸಿ, ಸುಖವಾಗಿ ಕರ್ತನ ಬಳಿಗೆ ಸೇರಿತು. ಮನೆಯ ಕೆಲಸದಿಂದಲೇ ಬಿಡುವಿಲ್ಲವೆಂದೂ, ಹೆಣ್ಣಾಗಿ ಹುಟ್ಟಿದವಳಿಂದ ಏನಾದೀತೆಂದೂ ನಮ್ಮ ಸಭೆಗಳ ಸಹೋದರಿಯರಲ್ಲಿ ಅನೇಕರು ಮನಗುಂದಿರುವದರಿಂದ, ಈ ತಾಯಿಯ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ತಿಳಿಸುವದು ಪ್ರಯೋಜನಕರವೆಂದು ಎಣಿಸುತ್ತೇನೆ.

೧. ತಂದೆ ತಾಯಿಗಳು

ಆಕೆಯ ತಂದೆಯಾದ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯವರು, ಚಿತ್ಪಾವನ ಬ್ರಾಹ್ಮಣರು, ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಅವರು ಯೌವನದಲ್ಲಿ ಪುಣೆಗೆ ಹೋಗಿ ವಿದ್ಯಾಭ್ಯಾಸ ಮಾಡುತ್ತಿರುವಾಗ, ತಮ್ಮ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತವನ್ನು ಕಲಿಸುವದನ್ನು ಕಂಡು ಆಶ್ಚರ್ಯಪಟ್ಟು, ತಾನೂ ತನ್ನ ಹೆಂಡತಿಗೆ ಕಲಿಸಬೇಕೆಂದು ನಿಶ್ಚಯಿಸಿದರು. ಮೊದಲನೆಯ ಹೆಂಡತಿಯು ಅದಕ್ಕೆ ಒಪ್ಪಲಿಲ್ಲ. ಆಕೆಯು ತೀರಿಹೋದ ಮೇಲೆ ಅವರು ಲಕ್ಷ್ಮೀಬಾಯಿಯೆಂಬ ಒಂಬತ್ತು ವರುಷದ ಬಾಲೆಯನ್ನು ಮದುವೆಯಾಗಿ, ಊರಿಗೆ ಕರತಂದು, ಆಕೆಗೆ ಅಕ್ಷರ ಕಲಿಸಲಾರಂಭಿಸಿದರು. ಊರವರು ಇದನ್ನು ಸಹಿಸಲಿಲ್ಲ. ಸ್ತ್ರೀಗೆ ದೇವಭಾಷೆಯನ್ನು ಕಲಿಸುವದು ಧರ್ಮಕ್ಕೆ ವಿರುದ್ಧವೆಂಬ ದೂರು ಉಡುಪಿಯ ಪಂಡಿತರ ಸಭೆಯ ವರೆಗೆ ಹೋಯಿತು. ಅನಂತ ಶಾಸ್ತ್ರಿಗಳು ಶಾಸ್ತ್ರಗಳಿಂದಲೇ ವಾಕ್ಯಗಳನ್ನೆತ್ತಿ ತಮ್ಮ ಪಕ್ಷವನ್ನು ಸಾಧಿಸಿದರು. ಆದಾಗ್ಯೂ ಜನರ ಮನಸ್ಸು ತಿಳಿಯಾಗಲಿಲ್ಲ. ಆಗ ಅವರು ಮನೆ ಮಠಗಳನ್ನು ಬಿಟ್ಟು ಗಂಗಾಮೂಲದ ಕಾಡಿಗೆ ಹೋಗಿ ಆಶ್ರಮವನ್ನು ಕಟ್ಟಿ, ಹೆಂಡತಿಗೂ ಬಂದ ಶಿಷ್ಯರಿಗೂ ವಿದ್ಯೆಯನ್ನು ಕಲಿಸುತ್ತಾ ಇದ್ದರು.

ಆಶ್ರಮಕ್ಕೆ ಬಂದ ಅತಿಥಿಗಳಿಗೆಲ್ಲಾ ಅನ್ನವಿಕ್ಕಿ ಅವರು ಸಾಲಗಾರರಾದರು. ರಮೆಯು ಆರು ತಿಂಗಳ ಕೂಸಾಗಿದ್ದಾಗ, ಆಕೆಯನ್ನು ಒಂದು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ, ಕುಟುಂಬವೆಲ್ಲಾ ಕಾಡಿನಿಂದಿಳಿದು ತೀರ್ಥಯಾತ್ರೆಗೆ ಹೊರಟಿತು. ಅಂದಿನಿಂದ ಅವರಿಗೆ ನೆಲೆಯಾದ ಮನೆಯಿರಲಿಲ್ಲ. ದೇವಸ್ಥಾನಗಳ ಎದುರಿನಲ್ಲಿಯೂ ನದಿಗಳ ಘಟ್ಟಗಳಲ್ಲಿಯೂ ಕೂತು ಪುರಾಣಗಳನ್ನೋದಿ, ಕೇಳಿದವರು ಕೊಟ್ಟದರಿಂದ ಜೀವಿಸುತ್ತಿದ್ದರು. ರಮೆಗೆ ಎಂಟು ವರುಷ ತುಂಬಿದಾಗ, ತಂದೆಯು ಮುದುಕನಾಗಿದ್ದುದರಿಂದ, ತಾಯಿಯು ತಾನೇ ಆಕೆಗೆ ಸಂಸ್ಕೃತವನ್ನು ಕಲಿಸಲಾರಂಭಿಸಿದಳು. ಪ್ರಯಾಣದಲ್ಲಿ, ಅಡಿಗೆಯ ಒಲೆಯ ಬಳಿಯಲ್ಲಿ, ಬೆಳಗಿನ ಜಾವದಲ್ಲಿ, ಎಲ್ಲಿ ಸಮಯ ಸಿಕ್ಕಿದರೂ ಪಾಠವೇ. ಹನ್ನೆರಡು ವರುಷವಾಗುವಷ್ಟರೊಳಗೆ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಆಕೆಗೆ ಬಾಯಿಪಾಠವಾಗಿದ್ದವೆಂದು ಹೇಳುತ್ತಾರೆ. ಹಿರಿಯ ಮಗಳ ಬಾಲ್ಯವಿವಾಹವು ದುಃಖದಲ್ಲಿ ಮುಗಿದದ್ದರಿಂದ, ತಂದೆಯು ಕಿರಿಯವಳಿಗೆ ಚಿಕ್ಕಂದಿನಲ್ಲಿ ಮದುವೆ ಮಾಡಲಿಲ್ಲ. ಮನೆವಾರ್ತೆಯನ್ನು ನೋಡಿಕೊಂಡು ಮಕ್ಕಳಿಗೆ ವಿದ್ಯೆ ಕಲಿಸಿದ ಆ ತಾಯಿಯನ್ನು ರಮಾಬಾಯಿಯವರು ಜೀವಮಾನವೆಲ್ಲಾ ಮರೆಯಲಿಲ್ಲ. ಇಂಗ್ಲಿಷಿನಲ್ಲಿ ತಾವು ಬರೆದ ಹೆಸರಾದ ಗ್ರಂಥವನ್ನು ಆಕೆಯ ಸ್ಮರಣೆಗೇ ಅರ್ಪಿಸಿದರು.

೨. ಕ್ಷಾಮವೂ ಅಲೆದಾಟವೂ

೧೮೭೦ರಿಂದ ೧೮೮೦ರ ಒಳಗಿನ ವರುಷಗಳಲ್ಲಿ ದಕ್ಷಿಣ ದೇಶವನ್ನು ಬರಗಾಲವು ಹಿಡಿಯಿತು. ಆ ಕುಟುಂಬವು ಇದ್ದ ಒಡವೆಗಳನ್ನೂ ಪಾತ್ರೆಗಳನ್ನೂ ಮಾರಿ ತಿಂದು, ಕಡೆಗೆ ಎಲೆಗಳನ್ನು ತಿನ್ನುವಷ್ಟು ದುರವಸ್ಥೆಗೆ ಬಂತು. ಹಣವಿದ್ದಾಗ ಅವರು ಅದನ್ನು ದೇವರುಗಳ ಸೇವೆಗೂ ಬ್ರಾಹ್ಮಣರ ದಾನಕ್ಕೂ ಸುರಿದಿದ್ದರು. ಈಗ ಉಪವಾಸ ಜಪಗಳನ್ನು ಎಷ್ಟು ಮಾಡಿದರೂ ಯಾವ ಕಲ್ಲಿನ ವಿಗ್ರಹವೂ ಉತ್ತರ ಕೊಡಲಿಲ್ಲ. ಕೂಲಿ ಮಾಡೋಣವೆಂದರೆ ಅವರಿಗೆ ಶ್ಲೋಕಗಳ ಹೊರತು ಬೇರೆ ಕೆಲಸ ಬಾರದು. ಭಿಕ್ಷೆ ಬೇಡೋಣವೆಂದರೆ ಕುಲದ ಅಭಿಮಾನವು ಬಾಯಿ ಕಟ್ಟಿತು. ತಂದೆಯು ಸತ್ತರು. ತಾಯಿಯು ಹಸಿವೆಯಿಂದ ಮಲಗಿರುವಾಗ, ರಮೆಯು ನೆರೆಯ ಮನೆಗೆ ಒಂದು ತುಂಡು ರೊಟ್ಟಿ ಕೇಳಲಿಕ್ಕೆ ಹೋಗಿ, ಬಾಗಲಲ್ಲಿ ನಿಂತು, ಮಾತು ಹೊರಡದೆ ಅತ್ತಳು. ರೊಟ್ಟಿಯು ಸಿಕ್ಕಿತು, ಆದರೆ ತಾಯಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ. ಆಕೆಯು ಸತ್ತಾಗ ಹೆಣ ಹೊರಲಿಕ್ಕೆ ಇಬ್ಬರು ಬ್ರಾಹ್ಮಣರು ಮಾತ್ರ ಒಪ್ಪಿದರು. ಮೂರನೆಯವನು ಅಣ್ಣನಾದ ಶ್ರೀನಿವಾಸನು, ನಾಲ್ಕನೆಯವಳು ರಮೆಯೇ. ಆಕೆಯು ಗಿಡ್ಡವಾಗಿದ್ದುದರಿಂದ ಚಟ್ಟದ ಕೊನೆಯು ಹೆಗಲಿಗೆ ನಿಲ್ಲದೆ, ಅದನ್ನು ತಲೆಯ ಮೇಲಿಟ್ಟು ಮೂರು ಮೈಲು ನಡೆದಳು. ಬಳಿಕ ಅಕ್ಕನೂ ಸತ್ತಳು.

ಉಳಿದ ಅಣ್ಣ ತಂಗಿಯರು ದೇಶದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸಾವಿರಾರು ಮೈಲು ಕಾಲುನಡೆಯಾಗಿ ಅಲೆದು, ೧೮೭೮ರಲ್ಲಿ ಕಲ್ಕತ್ತೆಗೆ ಬಂದರು. ಇಪ್ಪತ್ತು ವರುಷದ ಮದುವೆಯಿಲ್ಲದ ಹೆಣ್ಣು ಸಂಸ್ಕೃತದಲ್ಲಿ ಮಾತಾಡುವದನ್ನು ಕೇಳಿ ಅಲ್ಲಿನ ಪಂಡಿತರು ಬೆರಗಾಗಿ, ಪರೀಕ್ಷಿಸಿ ನೋಡಿ, ಪಂಡಿತೆಯೆಂಬ ಹೆಸರನ್ನೂ ಸರಸ್ವತಿಯೆಂಬ ಬಿರುದನ್ನೂ ಕೊಟ್ಟರು. ಆದರೆ ಹೊಗಳಿಕೆಯು ಆಕೆಯ ಹೃದಯದ ಹಸಿವೆಯನ್ನು ತೀರಿಸಲಿಲ್ಲ. ಶಾಸ್ತ್ರಗಳನ್ನು ಓದಿದಷ್ಟೂ ಒಂದು ಸಂಗತಿಯು ಆಕೆಗೆ ಸ್ಪಷ್ಟವಾಯಿತು: ಅವು ಎಷ್ಟು ವಿಷಯಗಳಲ್ಲಿ ಒಂದಕ್ಕೊಂದು ಬೇರೆಯಾದರೂ, ಸ್ತ್ರೀಯನ್ನೂ ಶೂದ್ರನನ್ನೂ ಕೀಳು ಮಾಡುವದರಲ್ಲಿ ಒಂದೇ.

೩. ಗೃಹಿಣಿಯೂ ವಿಧವೆಯೂ

೧೮೮೦ರಲ್ಲಿ ಅಣ್ಣನು ತೀರಿಹೋದನು. ಅದೇ ವರುಷ ರಮಾಬಾಯಿಯವರು ಬಿಪಿನ್ ಬಿಹಾರಿ ಮೇಧಾವಿಯೆಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಅವರು ಬ್ರಾಹ್ಮಣರಲ್ಲ, ಆದದರಿಂದ ಆ ಮದುವೆಯು ಪುರೋಹಿತರಿಲ್ಲದೆ ಸರಕಾರದ ಕಾಯಿದೆಯ ಪ್ರಕಾರ ನಡೆಯಿತು, ಎರಡು ಕಡೆಯ ಬಂಧುಗಳೂ ಜಾತಿಯವರೂ ದೂರವಾದರು. ಅಸ್ಸಾಮದ ಸಿಲ್ಚರಿನಲ್ಲಿ ಅವರ ಸಂಸಾರವು ನಡೆಯಿತು. ೧೮೮೧ರಲ್ಲಿ ಹೆಣ್ಣುಮಗುವು ಹುಟ್ಟಲಾಗಿ, ಮನೋರಮೆಯೆಂದು ಹೆಸರಿಟ್ಟರು. ಹೆಣ್ಣು ಹುಟ್ಟಿತೆಂದು ಮುಖ ಬಾಡಿಸುವ ದೇಶದಲ್ಲಿ ಈ ತಂದೆತಾಯಿಗಳು ಸಂತೋಷಪಟ್ಟರು.

ಆ ಮನೆಯಲ್ಲಿ ಗಂಡನ ಪುಸ್ತಕಗಳ ನಡುವೆ ರಮಾಬಾಯಿಯವರಿಗೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಒಂದು ಸಣ್ಣ ಪುಸ್ತಕವು ಸಿಕ್ಕಿತು. ಅದನ್ನು ಓದಿ, ಅಲ್ಲಿದ್ದ ಬಾಪ್ಟಿಸ್ಟ್ ಮಿಶನರಿಯೊಬ್ಬರಿಂದ ಅರ್ಥವನ್ನು ಕೇಳಿ ತಿಳಿದುಕೊಂಡರು. ಯಾರು ಅದನ್ನು ಅಲ್ಲಿಟ್ಟರೋ ಆಕೆಗೆ ನೆನಪಿರಲಿಲ್ಲ. ಹಳ್ಳಿ ಸಂತೆಗಳಲ್ಲಿ ಸುವಾರ್ತೆಯ ಪುಸ್ತಕಗಳನ್ನು ಮಾರುವ ಸಹೋದರರು ಈ ಮಾತನ್ನು ಮನಸ್ಸಿನಲ್ಲಿಡಲಿ. ಬಿತ್ತಿದವನು ಕಾಣದಿದ್ದರೂ ಬೀಜವು ಮೊಳೆಯುತ್ತದೆ.

ಮದುವೆಯಾಗಿ ಎರಡು ವರುಷ ತುಂಬುವದರೊಳಗೇ, ೧೮೮೨ರ ಫೆಬ್ರವರಿಯಲ್ಲಿ, ಗಂಡನು ವಾಂತಿಭೇದಿಯಿಂದ ಸತ್ತನು. ಇಪ್ಪತ್ತಮೂರು ವರುಷದ ವಿಧವೆಯ ಕೈಯಲ್ಲಿ ವರುಷ ತುಂಬದ ಕೂಸು. ತವರಿಲ್ಲ, ಅತ್ತೆಯ ಮನೆಯಿಲ್ಲ. ಅಂಥ ವಿಧವೆಯರ ಪಾಲಿಗೆ ಆ ಕಾಲದ ಮೇಲ್ಜಾತಿಗಳಲ್ಲಿ ತಲೆಬೋಳಿಸಿಕೊಂಡು ಮೂಲೆಯಲ್ಲಿ ಕೂತಿರುವದೇ ಉಳಿದಿತ್ತು. ಆದರೆ ರಮಾಬಾಯಿಯವರು ಮಗುವನ್ನು ಎತ್ತಿಕೊಂಡು ಪುಣೆಗೆ ಬಂದು, ಸ್ತ್ರೀಯರ ಏಳಿಗೆಗಾಗಿ ಆರ್ಯ ಮಹಿಳಾ ಸಮಾಜವೆಂಬ ಸಂಘವನ್ನು ಕೂಡಿಸಿದರು. ಅದೇ ವರುಷ ಸರಕಾರದ ವಿದ್ಯಾಭ್ಯಾಸದ ಕಮಿಶನಿನ ಮುಂದೆ ನಿಂತು, ಹುಡುಗಿಯರಿಗೆ ಉಪಾಧ್ಯಾಯಿನಿಯರೂ ರೋಗಿಗಳಾದ ಹೆಂಗಸರಿಗೆ ಸ್ತ್ರೀ ವೈದ್ಯರೂ ಬೇಕೆಂದು ಸಾಕ್ಷಿ ಕೊಟ್ಟರು. ಮಗುವು ಮಲಗಿದ ಹೊತ್ತಿನಲ್ಲಿ ಕೂತು ಬರೆದರೋ ಏನೋ, ಸ್ತ್ರೀಧರ್ಮನೀತಿ ಎಂಬ ಮರಾಠಿ ಗ್ರಂಥವನ್ನೂ ಆ ವರುಷವೇ ಮುಗಿಸಿದರು. ಅದನ್ನು ಮಾರಿ ಬಂದ ಹಣದ ಸಹಾಯದಿಂದ ೧೮೮೩ರಲ್ಲಿ, ವೈದ್ಯವಿದ್ಯೆಯನ್ನು ಕಲಿಯಬೇಕೆಂಬ ಉದ್ದೇಶದಿಂದ, ಮಗಳೊಡನೆ ಹಡಗನ್ನೇರಿ ಇಂಗ್ಲೆಂಡಿಗೆ ಹೋದರು.

೪. ಪರದೇಶದಲ್ಲಿ

ಅಲ್ಲಿ ವಾಂಟೇಜ್ ಎಂಬ ಊರಿನಲ್ಲಿ ಕನ್ಯಾಮರಿಯಳ ಹೆಸರಿನ ಸಹೋದರಿಯರ ಸಂಘವು ತಾಯಿ ಮಗಳಿಬ್ಬರಿಗೂ ಆಶ್ರಯ ಕೊಟ್ಟಿತು. ಆ ಸಹೋದರಿಯರು ಕೆಟ್ಟುಹೋದ ಹೆಂಗಸರನ್ನು ತಳ್ಳಿಬಿಡದೆ, ತಮ್ಮ ಮನೆಯಲ್ಲಿಟ್ಟು ಕೈಹಿಡಿದು ಎಬ್ಬಿಸುವದನ್ನು ರಮಾಬಾಯಿಯವರು ಕಂಡರು. ಅಂಥ ಕರುಣೆಯನ್ನು ಅವರು ಎಲ್ಲಿಯೂ ನೋಡಿರಲಿಲ್ಲ. ಇದಕ್ಕೆ ಕಾರಣವೇನೆಂದು ಕೇಳಲಾಗಿ, ಒಬ್ಬ ಸಹೋದರಿಯು ಯೋಹಾನನ ಸುವಾರ್ತೆಯ ೪ನೆಯ ಅಧ್ಯಾಯವನ್ನು ತೆರೆದು, ಬಾವಿಯ ಬಳಿಯಲ್ಲಿ ಕರ್ತನು ಸಮಾರ್ಯದ ಸ್ತ್ರೀಯೊಡನೆ ಮಾತಾಡಿದ್ದನ್ನು ಓದಿ ತೋರಿಸಿದಳು. ಅನ್ಯಜಾತಿಯವಳೂ ನಡತೆಗೆಟ್ಟವಳೂ ಆದ ಒಬ್ಬ ಹೆಂಗಸಿಗೆ ಜೀವಜಲವನ್ನು ಕೊಡಲೊಪ್ಪಿದ ಆತನೇ ಸ್ತ್ರೀಯರನ್ನು ಎತ್ತಬಲ್ಲವನೆಂದು ರಮಾಬಾಯಿಯವರಿಗೆ ತೋಚಿತು. ೧೮೮೩ನೆಯ ಸೆಪ್ಟೆಂಬರ್ ೨೯ರಲ್ಲಿ ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು.

ಆದಾಗ್ಯೂ ಅವರು ಪರದೇಶದವರು ಹೇಳಿದ್ದನ್ನೆಲ್ಲಾ ಕಣ್ಣುಮುಚ್ಚಿ ಒಪ್ಪಿದವರಲ್ಲ. ಮಾಂಸಾಹಾರವನ್ನು ಮುಟ್ಟಲಿಲ್ಲ. ಧರಿಸಬೇಕಾದ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇತಕ್ಕೆ, ನಮ್ಮ ದೇಶದ ಭಾಷೆಯ ಅಕ್ಷರಗಳು ಯಾಕೆ ಬೇಡವೆಂದು ವಾದಿಸಿದರು. ಸಭೆಯ ಅಧಿಕಾರದ ವಿಷಯದಲ್ಲಿಯೂ ಮಗಳಿಗೆ ಏನನ್ನು ಹೇಗೆ ಕಲಿಸಬೇಕೆಂಬ ವಿಷಯದಲ್ಲಿಯೂ ಆ ಸಹೋದರಿಯರೊಡನೆ ಪತ್ರಗಳ ಮೂಲಕ ಗಟ್ಟಿಯಾದ ಚರ್ಚೆ ನಡೆಯಿತು. ಮನೋರಮೆಯು ಹಿಂದೂದೇಶದ ಮಗಳಾಗಿಯೇ ಬೆಳೆಯಬೇಕೆಂಬುದು ತಾಯಿಯ ಹಟ. ಕ್ರಿಸ್ತನವರಾಗುವದಕ್ಕೆ ಸೀರೆಯನ್ನೂ ಊಟವನ್ನೂ ಮಾತನ್ನೂ ಬಿಡಬೇಕಾಗಿಲ್ಲವೆಂದು ಆಕೆಯು ನಡೆದು ತೋರಿಸಿದರು.

ಕಿವಿಯು ಮಂದವಾಗಿದ್ದುದರಿಂದ ವೈದ್ಯವಿದ್ಯೆಯ ಆಶೆಯು ಮುರಿದು ಬಿತ್ತು. ಆಗ ಅವರು ಚೆಲ್ಟೆನ್‌ಹಮ್ ಪಟ್ಟಣದ ಸ್ತ್ರೀಯರ ಕಾಲೇಜಿಗೆ ಹೋಗಿ, ಸಂಸ್ಕೃತವನ್ನು ಕಲಿಸುತ್ತಾ ತಾವು ಬೇರೆ ವಿದ್ಯೆಗಳನ್ನು ಕಲಿತರು. ಮನೋರಮೆಯು ವಾಂಟೇಜಿನಲ್ಲಿ ಸಹೋದರಿಯರ ಬಳಿಯಲ್ಲಿ ಉಳಿಯಬೇಕಾಯಿತು. ತಾಯಿಗೆ ಇದ್ದದ್ದು ಆ ಒಂದೇ ಮಗು, ಮಗುವಿಗೆ ಇದ್ದದ್ದು ಆ ಒಬ್ಬಳೇ ತಾಯಿ. ಮುಂದೆಯೂ ಅನೇಕ ಸಾರಿ ಕೆಲಸದ ನಿಮಿತ್ತ ಅವರು ಅಗಲಿರಬೇಕಾಯಿತು. ಆ ಭಾರವು ಎಷ್ಟೆಂದು ಮಕ್ಕಳನ್ನು ಬೋರ್ಡಿಂಗ್ ಶಾಲೆಗೆ ಕಳುಹಿಸಿದ ನಮ್ಮ ತಾಯಂದಿರು ಬಲ್ಲರು. ಹನ್ನಳು ಸಮುವೇಲನನ್ನು ದೇವಾಲಯದಲ್ಲಿ ಬಿಟ್ಟು ಮನೆಗೆ ಹಿಂದಿರುಗಿದಾಗ ಆಕೆಯ ಮಡಿಲು ಬರಿದಾಗಿತ್ತು. ಆದರೆ ಆಕೆಯ ಕಾಣಿಕೆಯು ವ್ಯರ್ಥವಾಗಲಿಲ್ಲ.

೧೮೮೬ರಲ್ಲಿ ರಮಾಬಾಯಿಯವರ ಬಂಧುವಾದ ಆನಂದಿಬಾಯಿ ಜೋಶಿಯವರು ಅಮೆರಿಕದ ಫಿಲಡೆಲ್ಫಿಯಾ ಪಟ್ಟಣದಲ್ಲಿ ವೈದ್ಯಪರೀಕ್ಷೆಯಲ್ಲಿ ತೇರ್ಗಡೆಯಾದರು. ಆ ಸಮಾರಂಭವನ್ನು ನೋಡಲಿಕ್ಕೆಂದು ಹೋದ ರಮಾಬಾಯಿಯವರು ಆ ದೇಶದಲ್ಲಿ ಎರಡು ವರುಷಕ್ಕಿಂತ ಹೆಚ್ಚಾಗಿ ನಿಂತು, ಚಿಕ್ಕ ಮಕ್ಕಳಿಗೆ ಆಟದ ಮೂಲಕ ಪಾಠ ಕಲಿಸುವ ಫ್ರೋಬೆಲನ ಕ್ರಮವನ್ನು ಅಭ್ಯಾಸ ಮಾಡಿ, ಊರೂರುಗಳಲ್ಲಿ ನಮ್ಮ ದೇಶದ ವಿಧವೆಯರ ಸ್ಥಿತಿಯನ್ನು ವಿವರಿಸಿದರು. ೧೮೮೭ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯ ವಿಷಯವಾಗಿ ಇಂಗ್ಲಿಷಿನಲ್ಲಿ ಅವರು ಬರೆದ ಗ್ರಂಥದ ಸಾವಿರಾರು ಪ್ರತಿಗಳು ಮಾರಿಹೋದವು. ಆ ವರುಷದ ಕೊನೆಯಲ್ಲಿ ಬೋಸ್ಟನ್ ಪಟ್ಟಣದಲ್ಲಿ ರಮಾಬಾಯಿ ಸಂಘವು ಏರ್ಪಟ್ಟು, ವಿಧವೆಯರ ಶಾಲೆಗೆ ಹತ್ತು ವರುಷ ಹಣವನ್ನು ಕೊಡುವದಾಗಿ ಒಪ್ಪಿತು.

೫. ಶಾರದಾ ಸದನ

೧೮೮೯ನೆಯ ಮಾರ್ಚ್ ೧೧ರಲ್ಲಿ ಬೊಂಬಾಯಿಯ ಚೌಪಾಟಿಯಲ್ಲಿ ಶಾರದಾ ಸದನವು ತೆರೆಯಲ್ಪಟ್ಟಿತು. ಮೊದಲು ಬಂದ ವಿಧವೆಯು ಗೋದುಬಾಯಿ. ಈಕೆಯೇ ಮುಂದೆ ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದಳು. ೧೮೯೦ರಲ್ಲಿ ಶಾಲೆಯು ಪುಣೆಗೆ ಹೋಯಿತು. ಅಲ್ಲಿ ಹಿಂದೂ ವಿಧವೆಯರು ತಮ್ಮ ಜಾತಿಯ ನೇಮಗಳನ್ನು ನಡಿಸಿಕೊಳ್ಳಬಹುದಾಗಿತ್ತು. ಮತದ ವಿಷಯದಲ್ಲಿ ಯಾರಿಗೂ ಬಲಾತ್ಕಾರವಿರಲಿಲ್ಲ. ರಾನಡೆ, ಭಂಡಾರಕರ ಮೊದಲಾದ ದೊಡ್ಡವರು ಆಲೋಚನಾ ಸಭೆಯಲ್ಲಿದ್ದರು.

ಈ ಮಧ್ಯದಲ್ಲಿ ರಮಾಬಾಯಿಯವರ ಅಂತರಂಗದಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ದೀಕ್ಷಾಸ್ನಾನವಾಗಿ ಎಂಟು ವರುಷಗಳಾಗಿದ್ದರೂ, ತಾನು ಕ್ರೈಸ್ತ ಮತವನ್ನು ಕಂಡುಕೊಂಡೆನೇ ಹೊರತು ಕ್ರಿಸ್ತನನ್ನೇ ಕಂಡುಕೊಳ್ಳಲಿಲ್ಲವೆಂದು ಅವರಿಗೆ ಅರಿವಾಯಿತು. ಹ್ಯಾಸ್ಲಮ್ ಎಂಬ ಇಂಗ್ಲಿಷ್ ಬೋಧಕರು ತಮ್ಮ ಜೀವಿತದ ವಿಷಯವಾಗಿ ಬರೆದ ಪುಸ್ತಕವನ್ನು ಓದಿದ್ದು ಇದಕ್ಕೆ ಒಂದು ಕಾರಣವಾಯಿತು. ೧೮೯೧ರಲ್ಲಿ ಅವರು ಪಾಪಿಯಾಗಿ ರಕ್ಷಕನ ಪಾದಕ್ಕೆ ಬಂದು, ತನ್ನ ವಿದ್ಯೆಯನ್ನೂ ಪುಣ್ಯವನ್ನೂ ಬಿಟ್ಟು ಆತನ ಕೃಪೆಯಲ್ಲಿ ಮಾತ್ರ ನಂಬಿಕೆಯಿಟ್ಟರು. ಪ್ರಿಯ ವಾಚಕರೇ, ಇದು ನಮಗೆ ಆಲೋಚಿಸತಕ್ಕ ಸಂಗತಿ. ಸಭೆಯ ಪಟ್ಟಿಯಲ್ಲಿ ಹೆಸರಿರುವದು ಒಂದು. ಆತನನ್ನು ತಿಳಿದಿರುವದು ಮತ್ತೊಂದು.

ಅಂದಿನಿಂದ ಅವರು ದಿನಾಲು ತಮ್ಮ ಕೋಣೆಯಲ್ಲಿ ಮಗಳೊಡನೆ ಸತ್ಯವೇದವನ್ನೋದಿ ಪ್ರಾರ್ಥಿಸುತ್ತಿದ್ದರು. ಬಾಗಲನ್ನು ಮುಚ್ಚಲಿಲ್ಲ, ಬನ್ನಿರೆಂದು ಯಾರನ್ನೂ ಒತ್ತಾಯಪಡಿಸಲೂ ಇಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ತಾವೇ ಬಂದು ಕೂತುಕೊಳ್ಳಲಾರಂಭಿಸಿದರು. ಈ ಸುದ್ದಿಯು ಪುಣೆಯಲ್ಲಿ ಬೆಂಕಿಯಂತೆ ಹಬ್ಬಿತು. ಪತ್ರಿಕೆಗಳು ದೂಷಿಸಿದವು, ೧೮೯೩ರಲ್ಲಿ ಆಲೋಚನಾ ಸಭೆಯ ಹಿರಿಯರು ರಾಜೀನಾಮೆ ಕೊಟ್ಟರು, ಅನೇಕ ಹುಡುಗಿಯರನ್ನು ಅವರ ಮನೆಯವರು ಬಂದು ಕರೆದುಕೊಂಡು ಹೋದರು. ಕೋಣೆಯ ಬಾಗಲನ್ನು ಮುಚ್ಚಿದರೆ ಶಾಲೆಯು ಉಳಿಯುತ್ತಿತ್ತು. ತೆರೆದಿಟ್ಟರೆ ಕಟ್ಟಿದ್ದೆಲ್ಲಾ ಮುರಿದು ಬೀಳಬಹುದಾಗಿತ್ತು. ಸ್ವಂತ ಮನೆಯಲ್ಲಿ ಸ್ವಂತ ಮಗಳೊಡನೆ ಪ್ರಾರ್ಥಿಸುವ ತಾಯಿಯು ಬಾಗಲು ಮುಚ್ಚಿಕೊಳ್ಳಬೇಕಾಗಿಲ್ಲವೆಂದು ಅವರು ದೃಢವಾಗಿ ನಿಂತರು. ಬಾಗಲು ತೆರೆದೇ ಇತ್ತು. ಸದನವೂ ನಿಂತಿತು.

೬. ಮುಕ್ತಿ

ಹಣದ ಸಹಾಯಕ್ಕೆ ಒಪ್ಪಿದ ಹತ್ತು ವರುಷಗಳು ತೀರಿದ ಮೇಲೆ ಸದನವು ತನ್ನ ಕಾಲಮೇಲೆ ನಿಲ್ಲಬೇಕೆಂದು ಎಣಿಸಿ, ರಮಾಬಾಯಿಯವರು ಪುಣೆಯಿಂದ ಸುಮಾರು ೩೫ ಮೈಲು ದೂರದ ಕೇಡಗಾಂವ ಎಂಬ ಹಳ್ಳಿಯಲ್ಲಿ ನೂರು ಎಕರೆ ಭೂಮಿಯನ್ನು ಕೊಂಡು, ಹಣ್ಣಿನ ಮರಗಳನ್ನು ನೆಡಿಸಿದ್ದರು. ಆ ಬಯಲು ಭೂಮಿಯನ್ನು ದೇವರು ಬೇರೆ ಬೆಳೆಗಾಗಿ ಸಿದ್ಧಮಾಡಿಸಿದನೆಂದು ಅವರಿಗೆ ಆಗ ತಿಳಿದಿರಲಿಲ್ಲ.

೧೮೯೬ರಲ್ಲಿ ಮಧ್ಯಪ್ರಾಂತಗಳಲ್ಲಿ ಘೋರ ಕ್ಷಾಮವುಂಟಾಯಿತು. ಹಸಿವೆಯ ಸುದ್ದಿಯನ್ನು ಕೇಳಿದೊಡನೆ, ತಾಯಿಗಾಗಿ ರೊಟ್ಟಿ ಬೇಡಿದ ದಿನವು ಅವರ ಕಣ್ಣಮುಂದೆ ಬಂತು. ಹಣವು ಸಾಕೋ ಸಾಲದೋ ಎಂದು ನೋಡದೆ, ಅವರು ತಾವೇ ಆ ಸೀಮೆಗೆ ಹೋಗಿ, ದಾರಿಯಲ್ಲಿ ಬಿದ್ದವರನ್ನೂ ಕೆಟ್ಟವರ ಕೈಗೆ ಸಿಕ್ಕಲಿದ್ದವರನ್ನೂ ಕೂಡಿಸಿ, ಸುಮಾರು ಮುನ್ನೂರು ಮಂದಿ ಹುಡುಗಿಯರನ್ನು ಕರತಂದರು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು ಹುಟ್ಟಿದ್ದರಿಂದ ಹೊಸಬರನ್ನು ಪಟ್ಟಣದಲ್ಲಿಡಲಿಕ್ಕೆ ಅಪ್ಪಣೆ ಸಿಕ್ಕಲಿಲ್ಲ. ಆಗ ಕೇಡಗಾಂವದ ಹೊಲದಲ್ಲಿ ಮೊದಲು ಡೇರೆಗಳೂ ಗುಡಿಸಲುಗಳೂ ಎದ್ದವು; ೧೮೯೮ರಲ್ಲಿ ಮುಕ್ತಿ ಸದನದ ಕಟ್ಟಡವು ಪ್ರತಿಷ್ಠೆಯಾಯಿತು. ೧೯೦೦ರಲ್ಲಿ ಗುಜರಾತ ಸೀಮೆಗೆ ಬರಗಾಲ ಬಂದಾಗ ಮತ್ತಷ್ಟು ಮಂದಿಯನ್ನು ತರಿಸಲಾಗಿ, ಮುಕ್ತಿಯಲ್ಲಿದ್ದವರ ಲೆಕ್ಕವು ಎರಡು ಸಾವಿರಕ್ಕೆ ಹತ್ತಿರವಾಯಿತು.

ಇಷ್ಟು ಮಂದಿಗೆ ಅನ್ನ ನೀರು ಬಟ್ಟೆಗಳನ್ನು ಒದಗಿಸುವದು ಹೇಗೆ? ಬಾವಿಗಳನ್ನು ತೋಡಿಸಿದರು. ಹೊಲದ ಕೆಲಸ, ಹೈನು, ಎಣ್ಣೆಯ ಗಾಣ, ನೇಯ್ಗೆ, ಹೊಲಿಗೆ, ಅಚ್ಚುಕೂಟ ಮುಂತಾದ ಕಸಬುಗಳನ್ನು ಒಂದೊಂದಾಗಿ ಹೂಡಿ, ಹೆಂಗಸರಿಂದಲೇ ನಡಿಸಿದರು. ಶ್ಲೋಕಗಳನ್ನು ಮಾತ್ರ ಬಲ್ಲ ತನ್ನ ತಂದೆಯ ಮನೆಯು ಹಸಿವೆಯಿಂದ ಸತ್ತದ್ದನ್ನು ಕಂಡಿದ್ದ ಈ ಪಂಡಿತೆಯು, ತನ್ನ ಹೆಣ್ಣುಮಕ್ಕಳಲ್ಲಿ ಪ್ರತಿಯೊಬ್ಬಳಿಗೂ ಓದು ಬರಹದ ಸಂಗಡ ಒಂದು ಕೈಕೆಲಸವನ್ನೂ ಕಲಿಸದೆ ಬಿಡಲಿಲ್ಲ. ಕೆಟ್ಟುಹೋದ ಸ್ತ್ರೀಯರಿಗಾಗಿ ಕೃಪಾ ಸದನವೆಂಬ ಮನೆಯನ್ನು ಕಟ್ಟಿಸಿದರು. ಇಂಗ್ಲೆಂಡಿನಲ್ಲಿ ಕಂಡದ್ದು ಹೀಗೆ ನಮ್ಮ ದೇಶದಲ್ಲಿ ಫಲಕೊಟ್ಟಿತು. ಕುರುಡರಿಗೂ ಬೇರೆ ಮನೆಯಿತ್ತು. ಅವರು ಉಬ್ಬಿದ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಓದಲಿಕ್ಕೆ ಕಲಿತರು. ಸಾಲ ಮಾಡಬಾರದು, ಬೇಕಾದದ್ದನ್ನು ಪ್ರಾರ್ಥನೆಯಲ್ಲಿ ಕೇಳಬೇಕೆಂಬುದು ಅಲ್ಲಿಯ ಪದ್ಧತಿ.

೧೯೦೫ರಲ್ಲಿ ಮುಕ್ತಿಯಲ್ಲಿ ದೊಡ್ಡ ಉಜ್ಜೀವನವುಂಟಾಯಿತು. ನೂರಾರು ಹುಡುಗಿಯರು ಪಾಪಗಳನ್ನು ಅರಿಕೆಮಾಡಿ, ಹಗಲು ರಾತ್ರಿ ಪ್ರಾರ್ಥಿಸಿ, ಗುಂಪುಗುಂಪಾಗಿ ಸುತ್ತಣ ಹಳ್ಳಿಗಳಿಗೆ ಹೋಗಿ ಸುವಾರ್ತೆಯನ್ನು ಸಾರಿದರು.

೭. ಮಗಳೂ ಸತ್ಯವೇದವೂ

ಈ ಎಲ್ಲಾ ಕೆಲಸದಲ್ಲಿ ತಾಯಿಯ ಬಲಗೈಯಾಗಿದ್ದವಳು ಮನೋರಮೆ. ಆಕೆಯು ಅಮೆರಿಕಕ್ಕೆ ಹೋಗಿ ಓದಿ ಬಂದು, ಮುಂದೆ ಬೊಂಬಾಯಿ ಯೂನಿವರ್ಸಿಟಿಯ ಬಿ.ಎ. ಪದವಿಯನ್ನೂ ಹೊಂದಿ, ಶಾರದಾ ಸದನದ ಮುಖ್ಯ ಉಪಾಧ್ಯಾಯಿನಿಯಾದಳು. ಆಗ ನಿಜಾಮನ ರಾಜ್ಯಕ್ಕೆ ಸೇರಿದ್ದ ನಮ್ಮ ಗುಲ್ಬರ್ಗದಲ್ಲಿ, ಅಂದರೆ ಈಗ ಕಲಬುರಗಿಯೆಂದು ಕರೆಯುವ ಪಟ್ಟಣದಲ್ಲಿ, ತಾಯಿಯೂ ಮಗಳೂ ಒಂದು ಶಾಲೆಯನ್ನು ಸ್ಥಾಪಿಸಿದರು. ಚಿಕ್ಕಂದಿನಲ್ಲಿ ಅಷ್ಟು ಸಾರಿ ಅಗಲಿಹೋದ ಇವರು, ಈಗ ಒಂದೇ ನೊಗಕ್ಕೆ ಹೂಡಿದ ಎತ್ತುಗಳಂತೆ ಸೇರಿ ದುಡಿದರು. ಮಗಳನ್ನು ಮನೆಯ ಮೂಲೆಯಲ್ಲಿ ಕೂಡಿಸಿ ಸಾಕಿದ್ದರೆ ಇಂಥ ಜೊತೆಗಾತಿಯು ತಾಯಿಗೆ ಎಲ್ಲಿಂದ ಸಿಕ್ಕುತ್ತಿದ್ದಳು?

ವಯಸ್ಸು ಏರಿದಂತೆ ಕಿವಿಯು ಇನ್ನೂ ಮಂದವಾಯಿತು. ಹೊರಗಣ ಭಾರವನ್ನು ಮಗಳಿಗೂ ಜೊತೆಗೆಲಸದವರಿಗೂ ಒಪ್ಪಿಸಿ, ರಮಾಬಾಯಿಯವರು ಜೀವಿತದ ಕಡೆಯ ದೊಡ್ಡ ಕೆಲಸಕ್ಕೆ ಕೈಹಾಕಿದರು. ಆ ಕಾಲದ ಮರಾಠಿ ಸತ್ಯವೇದದಲ್ಲಿ ಸಂಸ್ಕೃತದ ಮಾತುಗಳು ತುಂಬಿದ್ದುದರಿಂದ ಬಡ ಹಳ್ಳಿಯ ಹೆಂಗಸರಿಗೆ ಅದು ತಿಳಿಯುತ್ತಿರಲಿಲ್ಲ. ಕೆಲವು ಶಬ್ದಗಳು ಹಳೆಯ ಮತದ ಅರ್ಥವನ್ನೇ ನೆನಪಿಗೆ ತರುತ್ತಿದ್ದವು. ಆದದರಿಂದ ಅವರು ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು, ಮೂಲದಿಂದಲೇ ಸುಲಭವಾದ ಆಡುಮಾತಿಗೆ ಎಲ್ಲವನ್ನೂ ತಿರುಗಿಸಲಾರಂಭಿಸಿದರು. ಹದಿನೈದು ವರುಷಗಳಿಗಿಂತ ಹೆಚ್ಚಾಗಿ ಆ ಕೆಲಸವು ನಡೆಯಿತು. ಭಾಗವತವನ್ನು ಬಾಯಿಪಾಠವಾಗಿ ಹೇಳಬಲ್ಲ ಪಂಡಿತೆಯು ತನ್ನ ಸಂಸ್ಕೃತವನ್ನು ಬದಿಗಿಟ್ಟು, ಸಗಣಿ ತಟ್ಟುವ ಹೆಂಗಸಿಗೆ ತಿಳಿಯುವ ಮಾತನ್ನು ಹುಡುಕುತ್ತಾ ಕೂತದ್ದನ್ನು ನೆನಸಿರಿ. ವಿದ್ಯೆಯ ಗರ್ವವು ಶಿಲುಬೆಯ ಬುಡದಲ್ಲಿ ಹೀಗೆ ಕರಗಿತು. ಅಕ್ಷರಗಳನ್ನು ಜೋಡಿಸಿ ಅಚ್ಚುಹಾಕಿದವರೂ ಮುಕ್ತಿಯ ಹೆಂಗಸರೇ. ಕ್ಷಾಮದಲ್ಲಿ ಸಾಯಬೇಕಾಗಿದ್ದವರ ಕೈಗಳೇ ಜೀವದ ವಾಕ್ಯವನ್ನು ಅಚ್ಚಿಗೆ ಹಾಕಿದವು.

ಆ ಕೆಲಸವು ಮುಗಿಯುವದಕ್ಕೆ ಮುಂಚೆ ಕಡೆಯ ಶೋಧನೆಯು ಬಂತು. ೧೯೨೧ನೆಯ ಜುಲೈ ೨೪ರಲ್ಲಿ ಮನೋರಮೆಯು ತನ್ನ ನಾಲ್ವತ್ತನೆಯ ವರುಷದಲ್ಲಿ ತೀರಿಹೋದಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ರಕ್ತಸಂಬಂಧಿಗಳಲ್ಲಿ ಎಲ್ಲರನ್ನೂ ಮಣ್ಣಿಗೆ ಒಪ್ಪಿಸಿದ ಆ ಮುದುಕಿಯು, ತನ್ನ ಬಳಿಕ ಎಲ್ಲವನ್ನೂ ನಡಿಸುವಳೆಂದು ನಂಬಿದ್ದವಳನ್ನೇ ಕಳಕೊಂಡರು. ಆದರೂ ಲೇಖನಿಯನ್ನು ಕೆಳಗಿಡಲಿಲ್ಲ. ಉಳಿದ ಹಾಳೆಗಳನ್ನು ತಿದ್ದಿ, ಭಾಷಾಂತರದ ಕೆಲಸವನ್ನು ಪೂರೈಸಿ, ೧೯೨೨ನೆಯ ಏಪ್ರಿಲ್ ೫ರಲ್ಲಿ ನಿದ್ರೆಹೋದರು. ೧೯೨೪ರಲ್ಲಿ ಇಡೀ ಸತ್ಯವೇದವು ಮುಕ್ತಿಯ ಅಚ್ಚುಕೂಟದಿಂದ ಹೊರಬಂತು. ಅವರು ಕಟ್ಟಿದ ಮನೆಯು ಕೇಡಗಾಂವದಲ್ಲಿ ಇಂದಿಗೂ ದಿಕ್ಕಿಲ್ಲದವರಿಗೆ ಆಶ್ರಯವಾಗಿದೆ. ೧೯೮೯ರಲ್ಲಿ ಭಾರತ ಸರಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

೮. ನಮಗೆ ಬುದ್ಧಿ

ರಮಾಬಾಯಿಯವರು ತಾಯಿಯ ಕೆಲಸವನ್ನೂ ಬರಹದ ಕೆಲಸವನ್ನೂ ಹೊಸ ಸಂಸ್ಥೆಗಳನ್ನು ಕಟ್ಟುವ ಕೆಲಸವನ್ನೂ ಒಂದಾದ ಮೇಲೊಂದಾಗಿ ಮಾಡಲಿಲ್ಲ. ಮೂರನ್ನೂ ಒಟ್ಟಿಗೆ ಹೊತ್ತರು. ಒಂದು ಮತ್ತೊಂದಕ್ಕೆ ಅಡ್ಡಿಯಾದ ದಿನಗಳಿದ್ದವು; ಅದರ ನೋವನ್ನು ತಾಯಿಯೂ ಮಗಳೂ ಉಂಡರು. ಆದರೆ ಮೂರರ ಬೇರೂ ಒಂದೇ ಆಗಿತ್ತು. ಮಗಳನ್ನು ಪ್ರೀತಿಸಿದವರಾದದರಿಂದ ಪರರ ಹೆಣ್ಣುಮಕ್ಕಳ ದುಃಖವು ಅವರಿಗೆ ತಿಳಿಯಿತು. ಆ ದುಃಖವು ತಿಳಿದದರಿಂದ ಬರೆದರು. ಬರೆದದ್ದನ್ನು ಮಾರಿ ಬಂದ ಹಣದಿಂದ ಕಟ್ಟಿದರು. ಕಟ್ಟಿದ ಮನೆಯಲ್ಲಿ ಕಲಿತವರ ಕೈಯಿಂದ ಸತ್ಯವೇದವು ಅಚ್ಚಾಯಿತು.

ನಮ್ಮ ಸಭೆಗಳ ತಂದೆತಾಯಿಗಳೇ, ನಿಮ್ಮ ಮನೆಯಲ್ಲಿ ದನ ಕಾಯುವ ಹುಡುಗಿಯೊಬ್ಬಳಿದ್ದಾಳೆ. ಮುಂದಿನ ವರುಷ ನೋಡೋಣ, ಮದುವೆಯಾದರೆ ಸಾಕು ಎಂದು ಹೇಳಬೇಡಿರಿ. ಲಕ್ಷ್ಮೀಬಾಯಿಯು ಒಲೆಯ ಬಳಿಯಲ್ಲಿ ಕಲಿಸಿದ ಪಾಠದ ಫಲವನ್ನು ಎರಡು ಸಾವಿರ ಮಂದಿ ಉಂಡರೆಂಬುದನ್ನು ನೆನಸಿ, ಆಕೆಯನ್ನು ಶಾಲೆಗೆ ಕಳುಹಿಸಿರಿ. ಓದಬಲ್ಲ ಸಹೋದರಿಯರೇ, ಸಂಜೆ ಅಡಿಗೆಯಾದ ಮೇಲೆ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿರಿ. ಬಾಗಲನ್ನು ಮಾತ್ರ ಮುಚ್ಚಬೇಡಿರಿ. ನೆರೆಯವಳೊಬ್ಬಳು ಬಂದು ಹೊಸ್ತಿಲಲ್ಲಿ ಕೂತುಕೊಂಡಾಳು.